ಮುಯ್ಯಿ ಹೊರೆಯಾಗದಿರಲಿ

ಹೊಸೂರು, ಡೆಂಕಣಿಕೋಟೆ, ಕೃಷ್ಣಗಿರಿ ಕಡೆಯ ಮದುವೆಗಳಲ್ಲಿ ಮುಯ್ಯಿ ಹಳೆಯ ವಾಡಿಕೆ. ಕನ್ನಡಿಗರ ಮುಯ್ಯಿಯೇ ತಮಿಳರ ಮೊಯ್. ಮದುವೆ ಖರ್ಚು ಒಬ್ಬರ ತಲೆ ಮೇಲೇ ಬೀಳದಿರಲೆಂದು ನೆಂಟರು, ಊರವರು ಕೈಲಾದಷ್ಟು ಕೊಡುವುದು, ಪಡೆದವರು ಪುಸ್ತಕದಲ್ಲಿ ಬರೆದಿಟ್ಟು ಅವರ ಮನೆ ಕಾರ್ಯಕ್ಕೆ ತೀರಿಸುವುದು ಇದರ ಕ್ರಮ. ಬಡವರ ಪಾಲಿಗೆ ಇದು ಬಡ್ಡಿಯಿಲ್ಲದ ಕೈಗಡ.

ಈಗ ಅದೇ ಪುಸ್ತಕ ಅಂತಸ್ತು ಅಳೆಯುವ ಕೋಲಾಗುತ್ತಿದೆ. 'ಅವ್ರು 500 ಹಾಕಿದ್ರು, ನಾವು 1,000 ಆದ್ರೂ ಹಾಕ್ಬೇಕು' ಎಂಬ ಲೆಕ್ಕ ಶುರುವಾದರೆ ಮುಗಿಯಿತು. ಮುಹೂರ್ತಗಳು ಸಾಲಾಗಿ ಬರುವ ತಿಂಗಳಲ್ಲಿ ದಿನಗೂಲಿಯವನು ಒಂದು ರೂಪಾಯಿ ನಾಣ್ಯ ಅಂಟಿಸಿದ ಆ ಕವರಿಗಾಗಿ ಸಾಲ ಮಾಡಬೇಕು. ಇಲ್ಲವೇ ಏನಾದರೂ ನೆಪ ಹೇಳಿ ಮನೆಯಲ್ಲೇ ಉಳಿಯಬೇಕು. ನೆರವಿಗೆಂದು ಹುಟ್ಟಿದ ಪದ್ಧತಿ ನೆಂಟಸ್ತಿಕೆಯನ್ನೇ ದೂರ ಮಾಡಿದರೆ ಲಾಭವೇನು?

ಹಾಗೆಂದು ಮುಯ್ಯಿಯನ್ನೇ ನಿಲ್ಲಿಸಿ ಎನ್ನುವುದು ಸರಿಯಲ್ಲ. ಬಡ ತಂದೆಗೆ ಮರುದಿನ ಅಡಿಗೆಯವರ, ಶಾಮಿಯಾನದವರ ಬಾಕಿ ತೀರಿಸಲು ಆ ಹಣವೇ ಆಧಾರ. ಆದರೆ ಉಳ್ಳವರು ಮುಯ್ಯಿ ಬರೆಸುವ ಮೇಜನ್ನು ಬಿಡಬಹುದು. ಯಾರು ಎಷ್ಟು ಕೊಟ್ಟರೆಂದು ಮೈಕಿನಲ್ಲಿ ಕೂಗುವುದು ಎಲ್ಲೇ ಇರಲಿ, ನಿಲ್ಲಬೇಕು. ಒಂದೇ ಮನೆಗೆ ನಾಲ್ಕು ಗೋಡೆ ಗಡಿಯಾರ ಹೊರುವ ಬದಲು 'ಏನು ಬೇಕಪ್ಪಾ?' ಎಂದು ಮೊದಲೇ ಕೇಳಿ ಒಂದು ಮೂಟೆ ಅಕ್ಕಿ ಇಳಿಸುವುದು ಮೇಲು.

ಹೊಲದ ಕೆಲಸಕ್ಕೆ ಮುಯ್ಯಾಳಾಗಿ ಹೋಗುವ ರೂಢಿ ನಮ್ಮ ಹಳ್ಳಿಗಳದ್ದೇ. ದುಡಿಮೆಗೆ ದುಡಿಮೆಯೇ ಅಲ್ಲಿ ಮುಯ್ಯಿ. ಹಿಂದಿನ ರಾತ್ರಿಯೇ ಬಂದು ತರಕಾರಿ ಹೆಚ್ಚಿ, ಮರುದಿನ ಎಲೆ ಎತ್ತಿದವನ ಹೆಸರೂ ಆ ಪುಸ್ತಕದಲ್ಲಿರಲಿ.