ಕಾಯುವುದೂ ಗ್ರಂಥಸಂಪಾದನೆಯೇ

ಐಚ್ಛಿಕ ಕನ್ನಡದ ವಿದ್ಯಾರ್ಥಿಗಳಲ್ಲಿ ಹಲವರು ಗ್ರಂಥಸಂಪಾದನೆಯನ್ನು ಪರೀಕ್ಷೆಯ ಒಂದು ಪತ್ರಿಕೆಯೆಂದಷ್ಟೇ ಓದಿ ಮುಗಿಸುತ್ತಾರೆ. ಓಲೆಗರಿಯ ಕಾಲ ಕಳೆದ ಮೇಲೂ ಲಿಪಿಕಾರನ ಸ್ಖಾಲಿತ್ಯ, ಪಾಠಾಂತರ, ಪ್ರತಿಗಳ ಶಾಖೆ ಎಂಬ ಮಾತುಗಳೇಕೆ ಎಂದು ಕೇಳುವವರೂ ಉಂಟು. ಆ ಶಾಸ್ತ್ರದ ಅಗತ್ಯ ಇಂದು ಕುಗ್ಗಿಲ್ಲ. ಮನೆಯ ಮೂಲೆಯಲ್ಲಿ ಹಗಲಿರುಳು ನಡೆಯುವ ಚಿಕ್ಕ ಸರ್ವರಿನ ಬಳಿ ಅದು ಇನ್ನಷ್ಟು ಹೆಚ್ಚಿದೆ ಎಂಬುದು ನನ್ನ ಅಭಿಪ್ರಾಯ.

ತಮಿಳುನಾಡಿನ ಉಡುಮಲೈಪೇಟೆಯನ್ನೇ ನೋಡೋಣ. 2009ರವರೆಗೆ ಕೊಯಮತ್ತೂರು ಜಿಲ್ಲೆಯಲ್ಲಿದ್ದು ಈಗ ತಿರುಪ್ಪೂರು ಜಿಲ್ಲೆಗೆ ಸೇರಿರುವ ಊರು ಅದು. ಈ ಎರಡೂ ಜಿಲ್ಲೆಗಳಲ್ಲಿ ದೇವಾಂಗ, ಒಕ್ಕಲಿಗ ಮೊದಲಾದ ಸಮುದಾಯಗಳ ಅನೇಕ ಕುಟುಂಬಗಳು ತಲೆಮಾರುಗಳಿಂದ ಕನ್ನಡವನ್ನು ಮನೆಮಾತಾಗಿ ಉಳಿಸಿಕೊಂಡಿವೆ. ಅಲ್ಲಿ ಶಾಲೆಯ ಅಕ್ಷರ ತಮಿಳು. ಕನ್ನಡ ಕಿವಿಯಿಂದ ಕಿವಿಗೆ ಬಂದದ್ದು. ಅಂಥ ಮನೆಯ ಹಿರಿಯಳೊಬ್ಬಳ ಮದುವೆಯ ಹಾಡನ್ನೋ ಮಗ್ಗದ ಮಾತನ್ನೋ ನೀವು ಧ್ವನಿಮುದ್ರಿಸಿಕೊಂಡರೆ ಆ ಕಡತವೇ ಮೂಲಪ್ರತಿ. ಹೋಲಿಸಿ ನೋಡಲು ಇನ್ನೊಂದು ಹಸ್ತಪ್ರತಿ ಇರುವುದಿಲ್ಲ. ಹಾಡಿದವಳು ಕಾಲವಾದ ಮೇಲೆ ಮರಳಿ ಹೋಗಿ ಕೇಳುವ ದಾರಿಯೂ ಇಲ್ಲ.

ಅದನ್ನು ಎಲ್ಲಿಡಬೇಕು? ಮೊಬೈಲಿನಿಂದ ಒಂದು ಉಚಿತ ಖಾತೆಗೆ ಏರಿಸಿ ನಿಶ್ಚಿಂತರಾಗುವುದು ಇಂದಿನ ರೂಢಿ. ಎರಡು ವರ್ಷ ಬಳಸದ ಖಾತೆಗಳನ್ನು ಅಳಿಸುವ ನೀತಿಯನ್ನು ಗೂಗಲ್ 2023ರಲ್ಲಿ ಪ್ರಕಟಿಸಿತು. ಪದವಿ ಮುಗಿಸಿ ಹೋದ ವಿದ್ಯಾರ್ಥಿಯ ಹಳೆಯ ಖಾತೆಯಲ್ಲಿ ಒಂದು ಊರಿನ ಕನ್ನಡವಿದ್ದರೆ ಅದಕ್ಕೂ ಇದೇ ನಿಯಮ. ಆದ್ದರಿಂದ ಹಳೆಯ ಲ್ಯಾಪ್‌ಟಾಪನ್ನೋ ರಾಸ್ಪ್‌ಬೆರಿ ಪೈಯಂಥ ಅಗ್ಗದ ಯಂತ್ರವನ್ನೋ ಸರ್ವರ್ ಮಾಡಿಕೊಂಡು ಸಂಗ್ರಹವನ್ನು ನಮ್ಮ ಕೈಯಲ್ಲೇ ಇಟ್ಟುಕೊಳ್ಳುವುದು ವಿವೇಕದ ಮಾರ್ಗ. ಆದರೆ ಒಡೆತನ ಬಂದೊಡನೆ ಕಾಯುವ ಹೊಣೆಯೂ ಬರುತ್ತದೆ.

ಮೊದಲ ಹೊಣೆ ಪ್ರತಿಗಳದು. ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಊರಿನಲ್ಲಿ ಎಂಬುದು ಗಣಕಲೋಕದ ಪ್ರಸಿದ್ಧ ಸೂತ್ರ. ಇದರ ತಿರುಳನ್ನು ನಮ್ಮ ಅತ್ತಿಮಬ್ಬೆ ಹತ್ತನೆಯ ಶತಮಾನದಲ್ಲೇ ಅರಿತಿದ್ದಳು. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಆಕೆ ಬರೆಯಿಸಿ ಹಂಚಿದಳೆಂದು ಸಾಹಿತ್ಯಚರಿತ್ರೆ ಹೇಳುತ್ತದೆ. ಆ ಕೃತಿ ನಮಗೆ ದಕ್ಕಿದೆ. ಅದೇ ಕವಿಯ ಭುವನೈಕರಾಮಾಭ್ಯುದಯ ದಕ್ಕಿಲ್ಲ. ಪ್ರತಿಗಳ ಸಂಖ್ಯೆಯೊಂದೇ ಕಾರಣವೆಂದು ಸಾಧಿಸಲಾಗದು, ಆದರೂ ಪಾಠ ಸ್ಪಷ್ಟವಾಗಿದೆ. ಒಂದೇ ಪೆಟ್ಟಿಗೆಯೊಳಗೆ ಎರಡು ಡಿಸ್ಕುಗಳನ್ನು ಜೋಡಿಸಿದರೆ ಇದು ಈಡೇರುವುದಿಲ್ಲ. ಸಿಡಿಲು, ನೀರು, ಕಳ್ಳ ಬಂದಾಗ ಎರಡೂ ಒಟ್ಟಿಗೇ ಹೋಗುತ್ತವೆ.

ಎರಡನೆಯದು ಪಾಠಶುದ್ಧಿಯ ಹೊಣೆ. ಕಡತಗಳನ್ನು ತಾನಾಗಿ ಸರಿಹೊಂದಿಸುವ ಸಿಂಕ್ ವ್ಯವಸ್ಥೆಯನ್ನು ಬ್ಯಾಕಪ್ ಎಂದು ಭ್ರಮಿಸುವವರು ಬಹಳ. ಮೂಲದಲ್ಲಿ ಒಂದು ಕಡತ ಅಳಿದರೆ ಸಿಂಕ್ ಅದನ್ನು ನಕಲಿನಲ್ಲೂ ಅಳಿಸಬಹುದು. ಕೆಟ್ಟರೆ ಕೆಟ್ಟದ್ದನ್ನೇ ನಕಲು ಮಾಡೀತು. ತಪ್ಪು ಪ್ರತಿಯನ್ನು ನಿಷ್ಠೆಯಿಂದ ನಕಲು ಮಾಡಿದ ಲಿಪಿಕಾರನಂತೆಯೇ ಇದು. ಮರಾಠಿಯಲ್ಲಿ ಏಕನಾಥರು 1584ರಲ್ಲಿ ಜ್ಞಾನೇಶ್ವರಿಯ ಪಾಠವನ್ನು ಶೋಧಿಸಬೇಕಾಗಿ ಬಂದದ್ದು ನಡುವಣ ಪ್ರತಿಗಳಲ್ಲಿ ಅಶುದ್ಧಿ ಸೇರಿದ್ದರಿಂದ. ಹಿಂದಿನ ದಿನಾಂಕಗಳ ಆವೃತ್ತಿಗಳನ್ನೂ ಕಾದಿಡುವ ರೆಸ್ಟಿಕ್, ಬೋರ್ಗ್‌ನಂಥ ಮುಕ್ತ ತಂತ್ರಾಂಶಗಳಿವೆ; ಅವನ್ನು ಬಳಸಬೇಕು. ಪ್ರತಿ ಕಡತಕ್ಕೂ ಎಸ್‌ಎಚ್‌ಎ-256 ಮೊತ್ತವನ್ನು ಬರೆದಿಟ್ಟರೆ ಒಂದು ಬಿಟ್ ಬದಲಾದರೂ ಮುಂದೆ ತಾಳೆನೋಡಿದಾಗ ತಿಳಿಯುತ್ತದೆ. ಒಂದು ಪ್ರತಿಯನ್ನು ತಂತಿ ಕಳಚಿ ಬೇರೆಯಾಗಿಯೇ ಇಡಬೇಕು. ಜಾಲದ ಮೂಲಕ ಬರುವ ಕೇಡು ಅದನ್ನು ಮುಟ್ಟಲಾರದು.

ಮೂರನೆಯದು ಕಣ್ಣಿಟ್ಟಿರುವ ಹೊಣೆ. ಡಿಸ್ಕಿನ ಸ್ಮಾರ್ಟ್ ಅಂಕಿಗಳು, ಅದರ ಬಿಸಿ, ಉಳಿದಿರುವ ಜಾಗ, ಕಳೆದ ಬ್ಯಾಕಪ್ಪಿನ ದಿನಾಂಕ ಈ ನಾಲ್ಕನ್ನು ಯಂತ್ರವೇ ದಿನವೂ ತಿಳಿಸುವಂತೆ ಮಾಡಬಹುದು. ಎಚ್ಚರಿಕೆ ಬಾರದಿರುವುದನ್ನು ಕ್ಷೇಮವೆಂದು ತಿಳಿಯಬಾರದು. ಎಚ್ಚರಿಸುವ ವ್ಯವಸ್ಥೆಯೇ ಸತ್ತಿರಬಹುದು. ಎಲ್ಲಕ್ಕಿಂತ ಮುಖ್ಯವಾದುದು ಬ್ಯಾಕಪ್ಪಿನಿಂದ ಮರಳಿ ತೆಗೆದು ನೋಡುವುದು. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಸಂಸ್ಥೆಯ ತಂತ್ರಜ್ಞರೊಬ್ಬರು ಕೈತಪ್ಪಿ ಮುಖ್ಯ ದತ್ತಾಂಶವನ್ನು ಅಳಿಸಿದಾಗ, ಅಲ್ಲಿದ್ದ ಐದು ಬಗೆಯ ಬ್ಯಾಕಪ್ ವಿಧಾನಗಳಲ್ಲಿ ಒಂದೂ ಸರಿಯಾಗಿ ನಡೆಯುತ್ತಿರಲಿಲ್ಲವೆಂದು ತಿಳಿಯಿತು. ಅದೃಷ್ಟಕ್ಕೆ ಆರು ಗಂಟೆಗಳ ಹಿಂದಿನ ನಕಲೊಂದು ಉಳಿದಿತ್ತು. ನುರಿತವರ ಸ್ಥಿತಿಯೇ ಹೀಗಾದರೆ ನಮ್ಮಂಥವರು ತಿಂಗಳಿಗೊಮ್ಮೆ ಒಂದೆರಡು ಕಡತಗಳನ್ನು ಹೊರತೆಗೆದು ಕಿವಿಗೊಟ್ಟು ಕೇಳದೆ ಇರಬಾರದು.

ಇದು ಗಣಕವಿಜ್ಞಾನ ವಿಭಾಗದ ಕೆಲಸ, ಕನ್ನಡದವರದಲ್ಲ ಎಂದು ಕೆಲವರು ಆಕ್ಷೇಪಿಸಬಹುದು. ಯಂತ್ರವನ್ನು ಹೂಡಿಕೊಡಲು ಅವರ ನೆರವು ಬೇಕು, ನಿಜ. ಆದರೆ ಯಾವ ಮುದ್ರಣ ಅಪೂರ್ವ, ಯಾವುದು ಯಾವ ಊರಿನ ಯಾರ ಮಾತು, ಯಾವುದನ್ನು ಮೊದಲು ಉಳಿಸಬೇಕು ಎಂಬ ತೀರ್ಪು ಭಾಷೆ ಬಲ್ಲವರದು. ಧವಳ, ಜಯಧವಳ, ಮಹಾಧವಳಗಳ ಹಳಗನ್ನಡ ಲಿಪಿಯ ಓಲೆಗಳನ್ನು ಮೂಡುಬಿದಿರೆಯಲ್ಲಿ ಶತಮಾನಗಳ ಕಾಲ ಕಾದವರೆಲ್ಲರೂ ಅವುಗಳ ಪ್ರಾಕೃತವನ್ನು ಬಲ್ಲವರಾಗಿರಲಿಕ್ಕಿಲ್ಲ. ಅವುಗಳ ಬೆಲೆಯನ್ನು ಮಾತ್ರ ಬಲ್ಲವರಾಗಿದ್ದರು.

ಆದುದರಿಂದ ನನ್ನದೊಂದು ಸಲಹೆ. ಕ್ಷೇತ್ರಕಾರ್ಯದ ಪ್ರಬಂಧವನ್ನು ಒಪ್ಪಿಸುವಾಗ ಅದರೊಡನೆ ಒಂದು ಪುಟವನ್ನು ಸೇರಿಸಿ: ಧ್ವನಿಮುದ್ರಣಗಳ ಪಟ್ಟಿ, ಅವುಗಳ ಮೊತ್ತ, ಮೂರು ಪ್ರತಿಗಳಿರುವ ತಾಣ, ಮರಳಿ ತೆಗೆದು ಕೇಳಿದ ದಿನಾಂಕ. ವಿಭಾಗವು ಅದಕ್ಕೂ ಅಂಕ ಕೊಡಲಿ. ಸಂಗ್ರಹಿಸಿದವರ ಹೆಸರಿಗೆ ಸಲ್ಲುವ ಗೌರವ ಕಾದವರಿಗೂ ಸಲ್ಲಬೇಕು.