ಸ್ಟೀಲ್ ಲೋಟದ ತವರು



ಕಾಶಿಯ ನಿಮ್ಮ ಮನೆಯಲ್ಲಿ ಅಮ್ಮ ಕಾಫಿ ಕೊಡುವ ಸ್ಟೀಲ್ ಲೋಟವನ್ನೊಮ್ಮೆ ನೋಡಿ. ತುಕ್ಕು ಹಿಡಿಯದ ಒಳ್ಳೆಯ ಉಕ್ಕಿನಲ್ಲಿ ಸುಮಾರು ಶೇ. 18 ಕ್ರೋಮಿಯಂ, ಶೇ. 8 ನಿಕಲ್ ಇರುತ್ತದೆ. ಕ್ರೋಮಿಯಂ ಅದಿರು ನಮ್ಮ ಹಾಸನ ಜಿಲ್ಲೆಯ ನುಗ್ಗೇಹಳ್ಳಿ ಸೀಮೆಯ ಬೈರಾಪುರದಲ್ಲೂ ದೊರೆತಿದೆ. ನಿಕಲ್‌ಗೆ ಮಾತ್ರ ನಮ್ಮ ದೇಶ ಹೊರಗಿನವರನ್ನೇ ನೆಚ್ಚಿಕೊಂಡಿದೆ. ಹೀಗೇಕೆ?

ನಿಕಲ್‌ನ ತವರು ಮ್ಯಾಂಟಲ್. ಎಂದರೆ ಭೂಮಿಯ ತೊಗಟೆಯ ಕೆಳಗಿನ ದಪ್ಪ ಕಲ್ಲಿನ ಪದರ. ಅದರಲ್ಲಿ ಸುಮಾರು ಶೇ. 0.2 ನಿಕಲ್ ಇದೆ. ಬಹುಪಾಲು ಆಲಿವೀನ್ ಎಂಬ ಹಸಿರು ಖನಿಜದಲ್ಲಿ, ಉಳಿದದ್ದು ಗಂಧಕದ ಜೊತೆ. ಮ್ಯಾಂಟಲ್ ಸ್ವಲ್ಪವೇ ಕರಗಿದರೆ ನಿಕಲ್ ಅಲ್ಲೇ ಉಳಿಯುತ್ತದೆ. ವಿಪರೀತ ಕಾವಿನಲ್ಲಿ ಹೆಚ್ಚು ಪಾಲು ಕರಗಿದರೆ ಶಿಲಾರಸದೊಡನೆ ಮೇಲೇರುತ್ತದೆ. 250 ಕೋಟಿ ವರ್ಷಕ್ಕೂ ಹಿಂದೆ ಮ್ಯಾಂಟಲ್ ಇಂದಿಗಿಂತ ಬಿಸಿಯಾಗಿತ್ತು. ಆಗ ಸುಮಾರು 1,600 ಡಿಗ್ರಿ ಕಾವಿನಲ್ಲಿ ಹರಿದ ಲಾವಾ ತಣಿದು ಕೊಮಾಟೈಟ್ ಎಂಬ ಕಲ್ಲಾಯಿತು.

ತವರು ಸಿರಿವಂತವಾದರೆ ಸಾಲದು. ದಾರಿಯಲ್ಲಿ ತೊಗಟೆಯ ಗಂಧಕವೂ ಬೆರೆಯಬೇಕು. ಆಗ ತಿಳಿಸಾರಿನಲ್ಲಿ ಒಗ್ಗರಣೆಯ ತುಪ್ಪ ಬೇರೆಯಾಗುವಂತೆ ಗಂಧಕದ ಹನಿಗಳು ಬೇರೆಯಾಗಿ, ನಿಕಲ್ಲನ್ನು ಹೀರಿಕೊಳ್ಳುತ್ತವೆ. ತುಪ್ಪ ತೇಲುತ್ತದೆ, ಈ ಹನಿಗಳು ಭಾರ, ತಳ ಸೇರುತ್ತವೆ. ಅದೇ ನಿಕ್ಷೇಪ. ಹನಿಗಳು ತೀರ ಆಳದಲ್ಲೇ ಬೇರೆಯಾದರೆ ನಿಕಲ್ ಕೈಗೆಟುಕದು. ಬೇರೆಯಾಗದೇ ಹೋದರೆ ಕಲ್ಲಿನಲ್ಲೆಲ್ಲ ಚದುರಿ ಉಳಿಯುತ್ತದೆ. ಆಸ್ಟ್ರೇಲಿಯದ ಕಂಬಾಲ್ಡದಲ್ಲಿ 270 ಕೋಟಿ ವರ್ಷಗಳ ಹಿಂದೆ ಕೊಮಾಟೈಟ್ ಲಾವಾ ಗಂಧಕವಿದ್ದ ಕೆಸರಿನ ಮೇಲೆ ಹರಿದು ಅದನ್ನೂ ಕರಗಿಸಿಕೊಂಡಿತು. ಆ ನಿಕ್ಷೇಪ ಪತ್ತೆಯಾದದ್ದು 1966ರಲ್ಲಿ. ರಷ್ಯದ ನೊರಿಲ್ಸ್ಕ್‌ನಲ್ಲಿಯೂ ತೊಗಟೆಯ ಗಂಧಕದ ಪಾಲು ದೊಡ್ಡದೆಂದು ಹೆಚ್ಚಿನ ವಿಜ್ಞಾನಿಗಳ ಮತ.

ಈಗ ನಮ್ಮೂರಿಗೆ ಬನ್ನಿ. ನುಗ್ಗೇಹಳ್ಳಿಯಲ್ಲಿ, ತುಮಕೂರು ಜಿಲ್ಲೆಯ ಬಾಣಸಂದ್ರದಲ್ಲಿ ಕೊಮಾಟೈಟ್ ಕಲ್ಲುಗಳಿವೆ. ಇಂಥ ಕಲ್ಲು ಕಾಲಾಂತರದಲ್ಲಿ ಮೆದುವಾಗಿ ಬಳಪದ ಕಲ್ಲಾಗುವುದುಂಟು. 1246ರ ನುಗ್ಗೇಹಳ್ಳಿ ಲಕ್ಷ್ಮೀನರಸಿಂಹ ದೇವಾಲಯದ ಕುಸುರಿ ಕೆತ್ತನೆ ಬಳಪದ ಕಲ್ಲಿನದೇ. ಮ್ಯಾಂಟಲ್‌ನ ಕೊಡುಗೆ ನಮಗೂ ಬಂದಿದೆ. ಆದರೆ ದೊಡ್ಡ ನಿಕಲ್ ಗಣಿ ಅಲ್ಲಿಲ್ಲ. ಹಾಗಾಗಿ ಹುಡುಕುವವರು ಕೇಳಬೇಕಾದ ಪ್ರಶ್ನೆ, "ಬಿಸಿ ಶಿಲಾರಸ ಬಂದಿತ್ತೇ?" ಎಂಬುದಷ್ಟೇ ಅಲ್ಲ; "ಅದಕ್ಕೆ ಗಂಧಕ ಎಲ್ಲಿ, ಯಾವಾಗ ಸಿಕ್ಕಿತು?" ಎಂಬುದು.

ವಿದ್ಯುತ್ ವಾಹನಗಳ ಹಲವು ಬಗೆಯ ಬ್ಯಾಟರಿಗಳಿಗೂ ನಿಕಲ್ ಬೇಕು. ಭೂವಿಜ್ಞಾನ ಕಲಿಸುವ ಹಿಂದೂ ವಿಶ್ವವಿದ್ಯಾಲಯ ನಿಮ್ಮ ಮನೆಯ ಹತ್ತಿರವೇ ಇದೆ. ರಜೆಯಲ್ಲಿ ಅಜ್ಜಿಯ ಊರಿಗೆ ಹೋದಾಗ ದೇವರಿಗೆ ಕೈಮುಗಿದು, ಗುಡಿಯ ಕಲ್ಲನ್ನೂ ಒಮ್ಮೆ ಮುಟ್ಟಿ ನೋಡಿ. ಆ ಪ್ರಶ್ನೆಗೆ ಉತ್ತರ ಹುಡುಕುವವರು ನಿಮ್ಮಲ್ಲೇ ಒಬ್ಬರು ಯಾಕಾಗಬಾರದು?