ತನಗಿಲ್ಲದ ಕಾನೂನು
ಈ ವಾರ ಸೈಬರ್ ಅಂಗಡಿಯಲ್ಲಿ ಹುಡುಗನೊಬ್ಬ ಸರ್ಕಾರಿ ಕೆಲಸದ ಅರ್ಜಿಗೆ ಫೋಟೊ ಹಾಕಲು ಒದ್ದಾಡುತ್ತಿದ್ದ. ಅದನ್ನು ನೋಡಿ ಅಮೆರಿಕದ ಕಥೆ ನೆನಪಾಯಿತು. ಅಲ್ಲಿನ ಸರ್ಕಾರಿ ಅರ್ಜಿಗೆ 1914ರಲ್ಲಿ ಫೋಟೊ ಕಡ್ಡಾಯವಾದಾಗ, ಕಪ್ಪು ಅಭ್ಯರ್ಥಿಗಳನ್ನು ಮುಖ ನೋಡಿಯೇ ಬದಿಗೆ ಸರಿಸುವುದು ಸಲೀಸಾಯಿತು. 1964ರ ನಾಗರಿಕ ಹಕ್ಕು ಕಾಯ್ದೆ ಉದ್ಯೋಗದಲ್ಲಿ ಭೇದ ಮಾಡುವ ಖಾಸಗಿ ಕಂಪನಿಗಳ ಕಿವಿ ಹಿಂಡಿತು. ಸರ್ಕಾರ ಮಾತ್ರ ಮೆಲ್ಲಗೆ ನುಣುಚಿಕೊಂಡಿತು. ಅದರಡಿ ಸರ್ಕಾರಿ ನೌಕರ ಕೋರ್ಟಿಗೆ ಹೋಗುವಂತಾದದ್ದು 1972ರಲ್ಲಿ. ಚೌಕಾಸಿ ಇವತ್ತಿಗೂ ನಿಂತಿಲ್ಲ: ಖಾಸಗಿಯವನಿಗೆ ದೂರು ಕೊಡಲು ಕನಿಷ್ಠ 180 ದಿನ, ಅಲ್ಲಿನ ಕೇಂದ್ರ ಸರ್ಕಾರದ ನೌಕರ 45 ದಿನದೊಳಗೆ ಸಮಾನ ಅವಕಾಶದ ಸಲಹಾಧಿಕಾರಿಯ ಬಾಗಿಲು ತಟ್ಟಬೇಕು. ಮುಂದಿನ ತನಿಖೆಯೂ (ಸೋಜಿಗ ನೋಡಿ) ಆಪಾದಿತ ಇಲಾಖೆಯದ್ದೇ ಹೊಣೆ! ನಮ್ಮಲ್ಲಿ ತಿರುಗುಮುರುಗು. ಸರ್ಕಾರಿ ನೌಕರಿಯಲ್ಲಿ ಜನಾಂಗ, ಜಾತಿಯ ಭೇದವನ್ನು ಸಂವಿಧಾನದ 16ನೇ ವಿಧಿ 1950ರಲ್ಲೇ ನಿಷೇಧಿಸಿತು. ಖಾಸಗಿ ಕಂಪನಿಗಳು ಇಂದಿಗೂ ಆ ವಿಧಿಯ ಆಚೆಗೇ ಇವೆ.